ಮಾರಿದ ಕುರಿಯ ಬಣ್ಣ

ತ್ರಿಪುರಾಂತ, ಬಸವಕಲ್ಯಾಣ
26 ಆಗಸ್ಟ್ 2024

ಅಶೋಕಕುಮಾರನಿಗೆ,

ನಾವೆಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಕ್ಷೇಮವೇ ಎಂದು ಕೇಳಿದರೆ ಅದು ಇನ್ನೂ ದೊಡ್ಡ ಸುಳ್ಳು. ಎರಡನ್ನೂ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಫೋನಿರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಬೈಯಲು ಶುರುಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಾಗದು. ಹಾಗಾಗಿ ನಿನ್ನ ನಂಬರು ಬಂದ್ ಮಾಡಿದ್ದೇನೆ. ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ, ಮುಟ್ಟಲಿಲ್ಲ ಎನ್ನುವ ದಾರಿಯೂ ನಿನಗೆ ಉಳಿಯಬಾರದು.

ನನ್ನ ಮಗಳು ಸೋನಾಲಿ ಪಂಚಮಿಗೆ ನಿನ್ನ ಮನೆಗೆ ಬಂದಳು. ಕರೆದವನು ನೀನು. ನೀನು ಅವಳಿಗೆ ಸ್ವಂತ ಸೋದರಮಾವ. ಮೇಲಾಗಿ ಉಗಾದಿ ಕಳೆದ ಮೇಲೆ ಎರಡೂ ಮನೆಯವರು ಕೂತು ಸಕ್ಕರೆ ತಿಂದು, ಅವಳನ್ನು ನಿನ್ನ ಮಗ ಮಾಣಿಕನಿಗೆ ತಂದುಕೊಳ್ಳುವುದೆಂದು ಮಾತಾಗಿತ್ತು. ದೀಪಾವಳಿ ಆದಮೇಲೆ ಅಕ್ಷತೆ. ನಿನ್ನ ಅಂಗಳದ ಬೇವಿನ ಮರದ ಜೋಕಾಲಿಯಿಂದ ಹುಡುಗಿ ಬಿದ್ದಳು, ಪಾದ ಬಾತುಕೊಂಡಿತು. ಮರ ನಿನ್ನದು, ಹಗ್ಗ ನಿನ್ನದು, ಗಂಟು ಹಾಕಿದವನು ನಿನ್ನ ಮಗ. ಬಿದ್ದದ್ದು ಮಾತ್ರ ನನ್ನ ಮಗಳು.

ಬಾವು ಬೇಗ ಇಳಿಯಲಿಲ್ಲ ಎಂದು ನಿನ್ನ ಹೆಂಡತಿ ಕೇಶರಬಾಯಿ ಬಾಯಿಗೆ ಸೆರಗು ಹಿಡಿದಳಂತೆ. ಹುಡುಗಿಯನ್ನು ಹುಮನಾಬಾದಿನ ವೈಜಿನಾಥನ ಲ್ಯಾಬಿಗೆ ಒಯ್ದು ಬೆರಳು ಚುಚ್ಚಿಸಿದಿರಿ. ಪಟ್ಟಿಯ ಮೇಲೆ ಗೆರೆ ಬಂತು. ಆನೆಕಾಲಿನ ಹುಳ ಎಂದಿರಿ.

ಇಷ್ಟನ್ನು ನೀನೇ ಬಂದು ನನ್ನ ಎದುರು ಕೂತು ಹೇಳಿದ್ದರೆ ನಾನು ನಾಲ್ಕು ಬೈಯುತ್ತಿದ್ದೆ, ನಿನ್ನ ಅಕ್ಕ ಧೂಳಮ್ಮ ಅಳುತ್ತಿದ್ದಳು, ಆಮೇಲೆ ಏನು ಮಾಡುವುದೆಂದು ಮೂವರೂ ಕೂತು ಯೋಚಿಸುತ್ತಿದ್ದೆವು. ನೀನು ಹುಡುಗಿಯನ್ನು ಗಯಾಸುದ್ದೀನನ ಪಿಕಪ್ ಗಾಡಿ ಹತ್ತಿಸಿ ಕಳಿಸಿದೆ. ಹಿಂದೆ ಆಡುಗಳು, ಮುಂದೆ ನನ್ನ ಮಗಳು. ಅವಳು ಕುಂಟುತ್ತ ಒಳಗೆ ಹೋಗುವವರೆಗೂ ಅವನು ಸ್ಟೇರಿಂಗ್ ಬಿಟ್ಟು ಇಳಿಯಲಿಲ್ಲ. ಆಮೇಲೆ ನೆಲ ನೋಡುತ್ತ ಹೇಳಿದ: "ಪಂಡರಿ ಭಾಯಿ, ನಾ ಗಾಡಿ ಹೊಡಿಯಾವ. ಲಗ್ನದ ಮಾತು ಸದ್ಯಕ್ಕ ಇಲ್ಲ ಅಂತ ಹೇಳಂದಾರ, ಹೇಳಾಕತ್ತೇನಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಕುರಿ ಆಡು ಮಾರುವ ಗಯಾಸುದ್ದೀನನಿಗೆ ನಾಚಿಕೆಯಾಯಿತು. ನಿನಗಾಗಲಿಲ್ಲ.

ಈಗ ಬಸವಕಲ್ಯಾಣದ ಸಂತೆಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿದೆ. ಮೊದಲು ಕುರಿ ಕೊಳ್ಳಲು ಬಂದವರು ಕುರಿಯ ಹಲ್ಲು ನೋಡುತ್ತಿದ್ದರು. ಈಗ ಹಲ್ಲು ನೋಡುವ ನೆಪದಲ್ಲಿ ಬಗ್ಗಿ ನನ್ನ ಮಗಳ ಕಾಲು ನೋಡುತ್ತಾರೆ. ನೀನು ಬಿಟ್ಟ ಹುಡುಗಿಯನ್ನು ಇನ್ನು ಯಾರು ಕೇಳಲು ಬರುತ್ತಾರೆ? ಸೋದರಮಾವನೇ ಬೇಡ ಎಂದ ಮೇಲೆ ಪರರಿಗೆ ಕಾರಣ ಬೇಕಾಗುವುದಿಲ್ಲ.

ನೀನು ಬಂದು, ನನ್ನ ಅಂಗಳದಲ್ಲಿ ನಿಂತು, ನಾಲ್ಕು ಜನ ಕೇಳುವಂತೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಚಹಾ ಸಿಗುತ್ತದೆ. ಬೇರೇನೂ ಸಿಗುವುದಿಲ್ಲ.

ನಿನ್ನ ಅಕ್ಕನ ಗಂಡ (ಬೇರೆ ಸಂಬಂಧ ಸದ್ಯಕ್ಕಿಲ್ಲ),
ಪಂಡರಿ


ಮಾಣಿಕನಗರ ರಸ್ತೆ, ಹುಮನಾಬಾದ
4 ಸೆಪ್ಟೆಂಬರ್ 2024

ಭಾವ ಪಂಡರಿಯವರಿಗೆ ಅಶೋಕಕುಮಾರನ ನಮಸ್ಕಾರ.

ನಿಮ್ಮ ಕಾಗದ ಅಂಗಡಿಗೆ ಬಂತು. ಹಂಗಾಮಿಗೆ ಮುಂಚೆ ಟೈರು ಹಾಕಿಸಲು ಹಳ್ಳಿಖೇಡದಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನವರು ಕೂತಿದ್ದರು. ಸಹಿ ಮಾಡಿ ತೆಗೆದುಕೊಳ್ಳುವುದನ್ನು ನೋಡಿ ಕೋರ್ಟಿನ ಕಾಗದವೇ ಎಂದು ಕೇಳಿದರು. ಹೌದೆಂದೆ. ಬೀಗರದ್ದು ಎನ್ನುವುದಕ್ಕಿಂತ ಅದೇ ಮರ್ಯಾದೆ ಅನ್ನಿಸಿತು.

ನೀವು ಬೈದದ್ದಕ್ಕೆಲ್ಲ ಉತ್ತರ ಕೊಡುವುದಿಲ್ಲ. ಗೆರೆಯ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದನ್ನು ಎಳೆದವನು ನಾನೆಂಬಂತೆ ಬರೆದಿದ್ದೀರಿ.

ಆ ಪಟ್ಟಿಯ ಮೇಲೆ ಆನೆಕಾಲಿನ ಹುಳದ ಮೈಯ ಹೊರಪದರದಲ್ಲಿರುವ ಒಂದು ಪ್ರೋಟೀನನ್ನು ಸವರಿರುತ್ತಾರಂತೆ. ಹುಳವನ್ನಲ್ಲ, ಹುಳದ ಅಂಗಿಯ ಒಂದು ಎಳೆಯನ್ನು ಎಂದುಕೊಳ್ಳಿ. ಒಂದು ಹನಿ ನೆತ್ತರು ಅದರ ಮೇಲೆ ಹರಿಯುತ್ತದೆ. ಆ ಅಂಗಿಯನ್ನು ಹಿಂದೆ ಕಂಡ ನೆತ್ತರಾದರೆ ಗುರುತು ಹಿಡಿದು ಅಲ್ಲೇ ಅಂಟಿಕೊಳ್ಳುತ್ತದೆ, ಗೆರೆ ಮೂಡುತ್ತದೆ. ಕಾಣದ ನೆತ್ತರು ಸುಮ್ಮನೆ ಹಾದುಹೋಗುತ್ತದೆ. ನಿಮ್ಮ ಮಗಳ ನೆತ್ತರು ಅಂಟಿಕೊಂಡಿತು. ಅದೇ ಹೊತ್ತಿಗೆ ಕೂತಿದ್ದ ಇನ್ನೊಬ್ಬರ ಪಟ್ಟಿ ಬೆಳ್ಳಗೇ ಉಳಿಯಿತು. ಪಟ್ಟಿಗೆ ನಿಮ್ಮ ಮೇಲೆ ಹಗೆಯಿಲ್ಲ.

ಇನ್ನೊಂದು ಮಾತು. ನನ್ನ ಅವ್ವ ಶೇವಂತಾಬಾಯಿಯ ಕಾಲನ್ನು ನೀವು ನೋಡಿದ್ದೀರಿ. ನೀವು ನೋಡಿದ್ದು ಹಬ್ಬಕ್ಕೆ ಬಂದಾಗ, ಅದೂ ಕೌದಿ ಹೊದ್ದ ಕಾಲನ್ನು. ನಾನು ದಿನಾ ನೋಡಿದೆ. ಜ್ವರ ಬಂದಾಗ ಕಾಲು ಬಿರಿದು ನೀರು ಸೋರುವುದನ್ನು, ನೊಣ ಬಡಿಯಲು ಬೇವಿನ ತಪ್ಪಲು ಹಿಡಿದು ಕೂತು ನೋಡಿದೆ. ಓಣಿಯಲ್ಲಿ ನನಗೆ ಅಶೋಕ ಎಂಬ ಹೆಸರೇ ಇರಲಿಲ್ಲ, ಆನೆಕಾಲಿನವಳ ಮಗ ಎಂದೇ ಕರೆಯುತ್ತಿದ್ದರು. ಮದುವೆ ಮನೆಯಲ್ಲಿ ನಮ್ಮ ಎಲೆಯನ್ನು ಗೋಡೆಯ ಕಡೆ ಹಾಕುತ್ತಿದ್ದರು. ಈ ಅಂಗಡಿ ನಿಂತ ಮೇಲೆ ಆ ಹೆಸರು ಹೋಯಿತು. ಅದನ್ನು ಮತ್ತೆ ವಾದ್ಯ ಊದಿಸಿ ಮನೆಗೆ ತಂದುಕೊಳ್ಳಲು ನಾನು ತಯಾರಿಲ್ಲ. ಅಕ್ಕನ ಮಗಳಾದರೂ ಅಷ್ಟೇ, ಅಕ್ಕನ ಮಗಳಾದದ್ದಕ್ಕೇ ಅಷ್ಟೇ.

ಗಯಾಸುದ್ದೀನನ ಗಾಡಿ ಆ ಕಡೆ ಹೊರಟಿತ್ತು. ಉಳುಕಿದ ಕಾಲಿನಲ್ಲಿ ಬಸ್ಸಿನಲ್ಲಿ ನಿಂತು ಹೋಗುವುದಕ್ಕಿಂತ ಮೇಲೆಂದು ಹತ್ತಿಸಿದೆ.

ಸಕ್ಕರೆ ತಿಂದ ದಿನ ಕೊಟ್ಟ ಹಸಿರು ಸೀರೆಯನ್ನು ಹಿಂದಕ್ಕೆ ಕಳಿಸಬೇಡಿ. ಹುಡುಗಿ ಉಡಲಿ.

ಅಶೋಕಕುಮಾರ


ತ್ರಿಪುರಾಂತ, ಬಸವಕಲ್ಯಾಣ
17 ಸೆಪ್ಟೆಂಬರ್ 2024

ಅಶೋಕಕುಮಾರನಿಗೆ,

"ಉಳುಕಿದ ಕಾಲಿನಲ್ಲಿ" ಎಂದು ನೀನೇ ಬರೆದೆ. ಆನೆಕಾಲಾಗಿದ್ದರೆ ಉಳುಕಿದ ಕಾಲು ಹೇಗಾಯಿತು? ನಿನ್ನ ಕಾಗದವನ್ನು ಎರಡು ಸಲ ಓದಿದೆ, ನೀನು ಬರೆಯುವಾಗ ಒಂದು ಸಲವೂ ಓದಲಿಲ್ಲ ಎಂದು ಕಾಣುತ್ತದೆ. ಆ ಕಾಲಿನ ಬಾವು ಈಗ ಇಳಿದಿದೆ. ಹುಡುಗಿ ಗೋರ್ಟಾದ ಹೊಲಗಳವರೆಗೂ ಕುರಿ ಹೊಡೆದುಕೊಂಡು ನಡೆಯುತ್ತಿದ್ದಾಳೆ. ಸೀರೆಯನ್ನು ಹಿಂದಕ್ಕೆ ಕಳಿಸುವ ಪ್ರಶ್ನೆಯೇ ಇಲ್ಲ, ಈದ ಕುರಿಯ ಕೆಳಗೆ ಹಾಸಿದ್ದೇವೆ.

ನಾನು ಹುಮನಾಬಾದಿಗೆ ಬಂದಿದ್ದೆ, ನಿನ್ನ ಅಂಗಡಿಯ ಮುಂದೆಯೇ ಹಾದುಹೋದೆ. ವೈಜಿನಾಥನ ಜೊತೆ ಜಗಳಾಡಲು ಬಂದದ್ದು. ಆತ ಜಗಳಕ್ಕೆ ಸಿಗುವ ಮನುಷ್ಯನಲ್ಲ, ಕುರ್ಚಿ ಕೊಟ್ಟು ಚಹಾ ತರಿಸಿದ. ಕೇಳಿದ್ದಕ್ಕೆ ಹೇಳಿದ: "ಇದು ಹುಳ ಈಗ ಅದ ಅಂತ ಹೇಳೂ ಪಟ್ಟಿ ಅಲ್ರಿ. ಒಮ್ಮೆ ಮೈಯಾಗ ಬಂದಿತ್ತು ಅಂತ ಹೇಳೂದು. ಹೋಗ್ಯಾದೋ, ಉಳದಾದೋ, ಅದಕ್ಕ ಬ್ಯಾರೆ ಪಟ್ಟಿ ಅದ, ಸರಕಾರದವರ ಕಡೆ ಸಿಗತದ. ಅದನ್ನ ಹೇಳಾಕತ್ತಿದ್ದೆ. ನಿಮ್ಮವರು ಗೆರಿ ಕಂಡ ಕೂಡ್ಲೆ ಎದ್ದು ಹೊಂಟೇ ಬಿಟ್ಟರು."

ಆ ಎರಡನೆಯ ಪಟ್ಟಿ ನಮ್ಮ ನೆತ್ತರಿನ ನೆನಪನ್ನು ಕೇಳುವುದಿಲ್ಲವಂತೆ. ಬದುಕಿರುವ ದೊಡ್ಡ ಹುಳ ತನ್ನ ಮೈಯಿಂದ ನೆತ್ತರಿಗೆ ಬಿಡುವುದನ್ನೇ ಹಿಡಿಯುತ್ತದಂತೆ. ಹಿಂದೆ ಆದರೆ ರಾತ್ರಿ ಬಂದು ನೆತ್ತರು ತೆಗೆಯಬೇಕಿತ್ತು, ಏಕೆಂದರೆ ಇದರ ಮರಿಗಳು ಹಗಲಲ್ಲಿ ಒಳಗೆ ಅಡಗಿ ರಾತ್ರಿ ಸೊಳ್ಳೆ ಕಚ್ಚುವ ಹೊತ್ತಿಗೆ ಚರ್ಮದ ಹತ್ತಿರ ಬರುತ್ತವೆ. ಮುಖ ತೋರಿಸದೆ ಬೇರೆಯವರ ಕೈಲಿ ಹೇಳಿ ಕಳಿಸುವ ಜಾತಿಯ ಹುಳ. ನನಗೆ ಯಾರದೋ ನೆನಪಾಯಿತು.

ನೀನು ಕುರಿ ಬಿಟ್ಟು ಟೈರು ಹಿಡಿದು ಬಹಳ ವರ್ಷವಾಯಿತು, ನೆನಪು ಮಾಡಿಕೊಡುತ್ತೇನೆ. ನಾನು ಕೊಂಡ ಕುರಿಯ ಬೆನ್ನಿಗೆ ಕೆಂಪು ಬಣ್ಣ ಹಚ್ಚುತ್ತೇನೆ. ಆ ಕುರಿಯನ್ನು ಮಾರಿದ ಮೇಲೂ ಉಣ್ಣೆ ಕತ್ತರಿಸುವವರೆಗೆ ಬಣ್ಣ ಉಳಿದಿರುತ್ತದೆ. ಕೆಂಪು ಬಣ್ಣ ಕಂಡಿತೆಂದು ನಿನ್ನ ಹಟ್ಟಿಗೆ ಬಂದು ಇದು ನನ್ನ ಕುರಿ ಎಂದರೆ ಒಪ್ಪುತ್ತೀಯಾ? ಪಂಡರಿಯ ಹಟ್ಟಿಯಲ್ಲಿ ಒಮ್ಮೆ ಇತ್ತು ಎನ್ನುವುದಷ್ಟೇ ಅದರ ಸಾಕ್ಷಿ. ನನ್ನ ಮಗಳ ಗೆರೆಯೂ ಅಷ್ಟೇ. ಮಾರಿದ ಕುರಿಯ ಬಣ್ಣ.

ಹುಳದ ವಿಷಯದಲ್ಲಿ ಟೈರಿನವನು ನನಗೆ ಪಾಠ ಹೇಳುವುದು ಬೇಡ. ಪ್ರತಿ ವರ್ಷ ಸರಕಾರದವರು ಎತ್ತರ ಅಳೆಯುವ ಕೋಲು ಹಿಡಿದು ಮನೆಮನೆಗೆ ಬಂದು ಆನೆಕಾಲಿನ ಗುಳಿಗೆ ಕೊಡುತ್ತಾರೆ. ನಮ್ಮ ಎದುರೇ ನುಂಗಿರಿ ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಬಾರದು ಎಂದೂ ಅವರೇ ಹೇಳುವುದರಿಂದ, ಇನ್ನೂ ಉಂಡಿಲ್ಲ ಎಂದರೆ ಕೈಯಲ್ಲಿಟ್ಟು ಹೋಗುತ್ತಾರೆ. ಅದರಲ್ಲಿ ಜಂತಿನ ಗುಳಿಗೆ ಇರುತ್ತದೆ, ದನದ ಡಾಕ್ಟರು ಬರೆದುಕೊಡುವುದೂ ಅದನ್ನೇ. ಗಟ್ಟಿಮುಟ್ಟಾದ ಮನುಷ್ಯನ ಹೊಟ್ಟೆಗೆ ಅದನ್ನು ಯಾಕೆ ದಂಡ ಮಾಡಬೇಕು? ನನ್ನ ಮನೆಯಲ್ಲಿ ಅವು ಕುರಿಗೆ ಹೋಗುತ್ತವೆ. ಎಡಗೈ ದವಡೆಯ ಕೆಳಗೆ ಕೊಟ್ಟು, ತಲೆ ಎತ್ತಿ, ಗುಳಿಗೆಯನ್ನು ನಾಲಿಗೆಯ ಬುಡಕ್ಕೆ ಇಟ್ಟು, ಗಂಟಲು ಸವರುತ್ತ ನಿಲ್ಲಬೇಕು. ಇಳಿದದ್ದು ಕೈಗೆ ತಿಳಿದ ಮೇಲೆ ಬಿಡಬೇಕು, ಇಲ್ಲದಿದ್ದರೆ ಕೆನ್ನೆಯಲ್ಲಿಟ್ಟುಕೊಂಡು ಆಚೆ ಹೋಗಿ ಉಗುಳುತ್ತವೆ. ಈ ಕೆಲಸದಲ್ಲಿ ಸೋನಾಲಿ ನನ್ನನ್ನು ಮೀರಿಸಿದವಳು. ನನ್ನ ಕರಿ ಟಗರನ್ನು ಸಂತೆಯಲ್ಲಿ ನೋಡಿದವರನ್ನು ಕೇಳು, ಪಂಡರಿಯ ಹಟ್ಟಿಯಲ್ಲಿ ಹುಳಕ್ಕೆ ಜಾಗವಿದೆಯೇ ಎಂದು.

ನಿನ್ನ ಅವ್ವನ ಕೌದಿ ಹೊದ್ದ ಕಾಲನ್ನಷ್ಟೇ ನಾನು ನೋಡಿದ್ದು ಎಂದೆಯಲ್ಲ. ಹೆಣ್ಣು ನೋಡಲು ಬಂದ ದಿನ ಆಕೆಯೇ ಕೌದಿ ಸರಿಸಿ ನನಗೆ ತೋರಿಸಿದಳು. "ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡಪ್ಪ" ಎಂದಳು. ನಾನು ನೋಡಿದೆ. ನೋಡಿ ನಿನ್ನ ಅಕ್ಕನನ್ನು ತಂದೆ. ನನ್ನ ಅಪ್ಪ ಒಂದು ವರ್ಷ ನನ್ನೊಂದಿಗೆ ಮಾತಾಡಲಿಲ್ಲ. ಇದನ್ನು ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ, ಹೇಳುವ ಪ್ರಸಂಗ ನೀನು ತಂದುಕೊಂಡೆ.

ಆ ಎರಡನೆಯ ಪಟ್ಟಿ ಆಗಲಿ. ನನ್ನ ಮಗಳ ಬೆರಳಿನ ಪಕ್ಕದಲ್ಲಿ ನಿನ್ನ ಮಗನ ಬೆರಳೂ ಇರಲಿ.

ಪಂಡರಿ


ಹುಮನಾಬಾದ
14 ಅಕ್ಟೋಬರ್ 2024

ಭಾವ ಪಂಡರಿಯವರಿಗೆ,

ಪ್ರತಿ ವರ್ಷ ದಸರೆಗೆ ಬನ್ನಿ ಕೊಡಲು ಬರುತ್ತಿದ್ದೆ. ಈ ಸಲ ಬರಲಿಲ್ಲ. ಅಕ್ಕ ಬಾಗಿಲು ನೋಡುತ್ತ ಕೂತಿದ್ದಳೆಂದು ಗಯಾಸುದ್ದೀನ್ ಹೇಳಿದ. ಅವಳಿಗೆ ಎಂದು ಈ ಲಕೋಟೆಯಲ್ಲಿ ಎರಡು ಎಲೆ ಇಟ್ಟಿದ್ದೇನೆ. ನಿಮಗಲ್ಲ.

ನಿಮ್ಮ ಬಣ್ಣದ ಮಾತು ಚೆನ್ನಾಗಿದೆ. ಕೇಶರಬಾಯಿಗೂ ಓದಿ ಹೇಳಿದೆ. ಒಂದು ಗಳಿಗೆ ಅವಳೂ ಮೆತ್ತಗಾದಳು, ನಾನೂ ಆದೆ. ಆಮೇಲೆ ಮುಂದಿನ ಹಾಳೆ ಓದಿದೆ.

ಕುರಿಯನ್ನು ಮಾರಿದ್ದರೆ ಬಣ್ಣ ಹಳೆಯದು, ಸರಿ. ನೀವು ಮಾರಿದ್ದೀರಾ? ಹುಳವನ್ನು ಮೈಯಿಂದ ಹೊರಗೆ ಹಾಕುವುದು ಆ ಗುಳಿಗೆ. ಆ ಗುಳಿಗೆಯನ್ನು ನಿಮ್ಮ ಮನೆಯಲ್ಲಿ ತಿಂದವು ಕುರಿಗಳು. ಇದನ್ನು ನಾನು ಹೇಳುತ್ತಿಲ್ಲ, ನೀವೇ ಬರೆದು, ಸಹಿ ಹಾಕಿ, ಸ್ಪೀಡ್ ಪೋಸ್ಟಿಗೆ ಹಾಕಿದ್ದೀರಿ. ಗುಳಿಗೆ ಕುರಿಗೆ ಹೋದರೆ ಹುಡುಗಿಯ ಹುಳ ಎಲ್ಲಿಗೆ ಹೋಯಿತು? ಬಣ್ಣವೂ ಇದೆ, ಕುರಿಯೂ ಹಟ್ಟಿಯಲ್ಲೇ ಇದೆ. ನಿಮ್ಮ ಕರಿ ಟಗರಿನ ಆರೋಗ್ಯ ಕೇಳಿ ಸಂತೋಷವಾಯಿತು. ಅದಕ್ಕೊಂದು ವರ ನೋಡಿ.

ನಿಮ್ಮ ಮಗಳನ್ನು ನಾನು ಹಾಳುಮಾಡಿದೆ ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತೀರಂತೆ. ಅವಳ ಪಾಲಿನ ಗುಳಿಗೆಯನ್ನು ಟಗರಿಗೆ ಕೊಟ್ಟವನು ನಾನಲ್ಲ.

ನನ್ನ ಮಗನ ಬೆರಳನ್ನು ಚುಚ್ಚಿಸುವ ಕಾರಣ ನನಗೆ ಕಾಣುವುದಿಲ್ಲ. ಬೇಕಾದರೆ ನೀವು ಚುಚ್ಚಿಸಿಕೊಳ್ಳಿ. ಮೋಟರ್ ಸೈಕಲ್ ಮೂಲೆಗೆ ನಿಲ್ಲಿಸಿ ವರ್ಷದಿಂದ ಬಸ್ಸಿನಲ್ಲೇ ಯಾಕೆ ತಿರುಗಾಡುತ್ತೀರಿ, ಕಟ್ಟೆಯ ಮೇಲೆ ಕೂರುವಾಗ ಯಾಕೆ ಅಷ್ಟು ನಿಧಾನ ಎಂದು ನಾನು ಅಕ್ಕನನ್ನು ಕೇಳಿಲ್ಲ. ಕೇಳಬಾರದ್ದೆಂದು ಬಿಟ್ಟಿದ್ದೇನೆ.

ಇನ್ನು ಕಾಗದ ಬೇಡ.

ಅಶೋಕಕುಮಾರ


ತ್ರಿಪುರಾಂತ, ಬಸವಕಲ್ಯಾಣ
2 ಡಿಸೆಂಬರ್ 2024

ಅಶೋಕಕುಮಾರನಿಗೆ,

ಕಾಗದ ಬೇಡ ಎಂದಿದ್ದೆ. ನಿನಗೆ ಬೇಕಾದದ್ದನ್ನು ನಾನು ಯಾವಾಗ ಮಾಡಿದ್ದೇನೆ?

ನಿನ್ನ ಅಕ್ಷತೆಯ ದಿನ ಬಂತು, ಹೋಯಿತು. ಆ ದಿನ ಸೋನಾಲಿ ಹಟ್ಟಿಯ ಬೇಲಿ ಕಟ್ಟಿದಳು. ನಿನ್ನ ಅಕ್ಕ ಆ ಎರಡು ಬನ್ನಿ ಎಲೆಗಳನ್ನು ದೇವರ ಮುಂದೆ ಇಟ್ಟಿದ್ದಾಳೆ, ತೆಗೆಯಲು ಬಿಡುತ್ತಿಲ್ಲ.

ಹೋದ ವಾರ ನಮ್ಮ ಓಣಿಗೆ ಸರಕಾರದ ತಂಡ ಬಂತು. ಸುಜಾತಾ ಎಂಬ ಹೆಣ್ಣುಮಗಳು ಡಬ್ಬಿ ತೆರೆದು ಕೂತಳು. ಅದೇ ಎರಡನೆಯ ಪಟ್ಟಿ, ಬದುಕಿರುವ ಹುಳವನ್ನು ಹಿಡಿಯುವುದು. ನಾನೇ ಓಣಿಯವರನ್ನೆಲ್ಲ ಕರೆದೆ. ಸಂತೆಗೆ ಸುದ್ದಿ ಒಯ್ದವರು ಇದನ್ನೂ ಒಯ್ಯಲಿ ಎಂದು. ನಿನ್ನ ಕೊನೆಯ ಕಾಗದ ನನ್ನ ಜೇಬಿನಲ್ಲಿತ್ತು, ಎದೆಯೊಳಗೆ ಏನಿತ್ತೆಂದು ನಿನಗೆ ಹೇಳುವ ಅಗತ್ಯ ಕಾಣುವುದಿಲ್ಲ.

ಸೋನಾಲಿ ಬೆರಳು ಚಾಚಿದಳು. ಗೆರೆ ಬರಲಿಲ್ಲ. ಸುಜಾತಾ ಹೊತ್ತು ನೋಡಿ, ಬೆಳಕಿಗೆ ಹಿಡಿದು, ಓಣಿಯವರಿಗೂ ತೋರಿಸಿದಳು. ಧೂಳಮ್ಮನ ಪಟ್ಟಿಯ ಮೇಲೂ ಬರಲಿಲ್ಲ. ಆಗ ನಾನು ತೋಳು ಏರಿಸಿ, ನನ್ನದನ್ನೂ ಚುಚ್ಚವ್ವಾ, ಹುಮನಾಬಾದಿನಲ್ಲಿ ಒಬ್ಬ ಕಾಯುತ್ತಿದ್ದಾನೆ ಎಂದೆ. ಜನ ನಕ್ಕರು.

ಗೆರೆ ನನ್ನ ಪಟ್ಟಿಯ ಮೇಲೆ ಬಂತು.

ಆಮೇಲೆ ಯಾರೂ ನಗಲಿಲ್ಲ. ನಾನು ಮಗಳ ಕಡೆ ತಿರುಗಿ, ಗುಳಿಗೆಯೆಲ್ಲ ಕುರಿಗೆ ಹೋದ ಮೇಲೆ ನೀನು ಹೇಗೆ ಉಳಿದೆ ಎಂದು ಕೇಳಿದೆ. ಅವಳು ಓಣಿಯವರ ಎದುರೇ ಹೇಳಿದಳು: "ಅವ್ವಂದು ಅವ್ವಗ ನುಂಗಿಸೀನಿ, ನಂದು ನಾ ನುಂಗೀನಿ. ಅಜ್ಜಿ ಕಾಲು ನಾನೂ ನೋಡೀನಲ್ಲ. ಕುರಿಗಿ ಹಾಕಿದ್ದು ನಿನ್ನವು ಅಷ್ಟೇ ಅಪ್ಪ. ಆ ಕರಿ ಟಗರಿಗಿ."

ನನಗೇಕೆ ಹೇಳಲಿಲ್ಲ ಎಂದೆ. "ಹೇಳಿದ್ರ ನೀ ನುಂಗತಿದ್ದೇನು?" ಎಂದಳು.

ಆದ್ದರಿಂದ ಲೆಕ್ಕ ಸರಿಯಾಗಿ ಬರೆದುಕೋ. ಹುಡುಗಿಯ ಮೈಯಲ್ಲಿ ಹುಳ ಬಂದಿತ್ತು, ಅವಳೇ ಅದನ್ನು ಹೊರಗೆ ಹಾಕಿದ್ದಾಳೆ. ವೈಜಿನಾಥನ ಪಟ್ಟಿ ಸುಳ್ಳು ಹೇಳಲಿಲ್ಲ, ಈ ಪಟ್ಟಿಯೂ ಹೇಳಲಿಲ್ಲ. ಸುಳ್ಳು ಹೇಳಿದವನು ಪೂರ್ತಿ ಕೇಳದೆ ಎದ್ದು ಹೋದವನು. ಬಸ್ಸಿನಲ್ಲಿ ತಿರುಗಾಡುವ ಕಾರಣವನ್ನು ಡಾಕ್ಟರಿಗೆ ತೋರಿಸಿದ್ದೇನೆ. ಅದೂ ಇದೇ ಹುಳ ತಂದ ಬಾವಂತೆ, ಸಣ್ಣ ಆಪರೇಷನ್ ಎಂದರು. ನಿನಗೆ ತೋರಿಸುವಷ್ಟು ಹತ್ತಿರದ ಸಂಬಂಧ ನಮ್ಮದಲ್ಲ.

ಗುಳಿಗೆ ದಿನಾ ನುಂಗಬೇಕೆಂದು ಕೊಟ್ಟಿದ್ದಾರೆ. ಮೊದಲ ದಿನ ಕೆನ್ನೆಯಲ್ಲಿಟ್ಟುಕೊಂಡು ಹಿತ್ತಲ ಕಡೆ ಎದ್ದೆ. ನನ್ನ ಮಗಳು ನನ್ನನ್ನು ಗೋಡೆಗೆ ಒರಗಿಸಿ, ಎಡಗೈಯನ್ನು ನನ್ನ ದವಡೆಯ ಕೆಳಗೆ ಕೊಟ್ಟು, ತಲೆ ಎತ್ತಿ, ಗಂಟಲು ಸವರುತ್ತ ನಿಂತಳು. ಇಳಿದ ಮೇಲೆ ಬಿಟ್ಟಳು. ನಿನ್ನ ಅಕ್ಕ ಬಾಗಿಲಲ್ಲಿ ನಿಂತು ಎಷ್ಟೋ ದಿನದ ಮೇಲೆ ನಕ್ಕಳು.

ಈಗ ನಿನ್ನ ಕಡೆಯ ಲೆಕ್ಕ. ಹುಮನಾಬಾದಿನ ಸಂತೆಗೆ ಬಂದಾಗಲೆಲ್ಲ ನಾನು ಎಲ್ಲಿ ಮಲಗುತ್ತಿದ್ದೆ? ನಿನ್ನ ಅಂಗಳದಲ್ಲಿ, ಅದೇ ಬೇವಿನ ಮರದ ಕೆಳಗೆ, ನಿನ್ನ ಮಗನ ಮಂಚದ ಪಕ್ಕದಲ್ಲಿ. ಎಷ್ಟು ವರ್ಷ! ಈ ಹುಳದ ಮರಿಗಳು ಯಾವ ಹೊತ್ತಿಗೆ ಹೊರಗೆ ಬರುತ್ತವೆಂದು ಬರೆದಿದ್ದೆನಲ್ಲ. ನನ್ನ ಮಗಳು ನಿನ್ನ ಮನೆಗೆ ಹುಳ ತರುತ್ತಾಳೆಂದು ಬಾಗಿಲು ಹಾಕಿದೆ. ತಂದಿದ್ದರೆ ನಾನು ತಂದಿದ್ದೇನೆ, ನೀನು ಹಾಸಿಗೆ ಹಾಸಿ ಕೊಟ್ಟಿದ್ದೀ.

ನಿನ್ನ ಮಗನ ಬೆರಳು ಚುಚ್ಚಿಸುವ ಕಾರಣ ಕಾಣುವುದಿಲ್ಲ ಎಂದಿದ್ದೆ. ಈಗ ಕಾಣುತ್ತದೆಯೇ?

ಪಂಡರಿ


ಹುಮನಾಬಾದ
19 ಜನವರಿ 2025

ಭಾವ,

ನಿಮ್ಮ ಕಾಗದವನ್ನು ನಾನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮಾಣಿಕ ಓದಿದ್ದಾನೆ. ನನಗೆ ಹೇಳದೆ ಹೋಗಿ ಆ ಎರಡನೆಯ ಪಟ್ಟಿಯ ಪರೀಕ್ಷೆ ಮಾಡಿಸಿಕೊಂಡು ಬಂದ. ಗೆರೆ ಬಂದಿದೆ.

ನೀವು ತಂದದ್ದೋ, ನಮ್ಮ ಮೋರಿಯದೋ, ಅವ್ವನ ಕಾಲದಿಂದ ಓಣಿಯಲ್ಲೇ ಉಳಿದದ್ದೋ, ಸೊಳ್ಳೆಯನ್ನು ಕೇಳಬೇಕು. ನಾನು ನಿಮ್ಮದೆಂದೇ ಹಿಡಿಯುತ್ತೇನೆ. ಹಾಗೆ ಹಿಡಿದರೆ ನನಗೆ ನಿದ್ದೆ ಬರುತ್ತದೆ.

ಗುಳಿಗೆ ಕೊಟ್ಟಿದ್ದಾರೆ. ಅವನು ಎರಡು ಸಲ ಉಗುಳಿದ. ಹುಳ ಸಾಯುವಾಗ ಜ್ವರ ಬರುತ್ತದೆ, ತಲೆ ತಿರುಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ದಿನಕ್ಕೆ ಹತ್ತು ಸಲ ತನ್ನ ಕಾಲು ನೋಡಿಕೊಳ್ಳುತ್ತಾನೆ. ಕೇಶರಬಾಯಿ ಅವನ ಲೋಟ ಬೇರೆ ಇಡಲು ಹೋದಳು. ನಾನು ಅವಳ ಮೇಲೆ ಕೈ ಎತ್ತಿದೆ, ಹೊಡೆಯಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು.

ಈಗ ತಕ್ಕಡಿಯ ಎರಡೂ ಕಡೆ ಸಮವಾಯಿತು. ನಿಮ್ಮ ಹುಡುಗಿಗೆ ಬಣ್ಣ ಇದೆ, ನಮ್ಮ ಹುಡುಗನಿಗೆ ಕುರಿಯೇ ಇದೆ. ಉಗಾದಿ ಆದಮೇಲೆ ಅಕ್ಷತೆ ಹಾಕಿಬಿಡೋಣ. ಜನರಿಗೆ ಏನಾದರೂ ಒಂದು ಹೇಳಿದರಾಯಿತು. ಮಾಣಿಕನ ವಿಷಯ ಮಾತ್ರ ನಿಮ್ಮ ಅಂಗಳ ದಾಟಬಾರದು. ಇದನ್ನು ಕೇಳಿಕೊಳ್ಳುತ್ತಿದ್ದೇನೆ ಎಂದುಕೊಂಡರೆ ನಿಮ್ಮ ಇಷ್ಟ.

ಅಶೋಕಕುಮಾರ


ತ್ರಿಪುರಾಂತ, ಬಸವಕಲ್ಯಾಣ
12 ಫೆಬ್ರುವರಿ 2025

ಮಾಮಾ ಅವರಿಗೆ ಸೋನಾಲಿಯ ನಮಸ್ಕಾರ.

ಅಪ್ಪ ನಿಮಗೆ ಉತ್ತರ ಬರೆದಿದ್ದರು. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು. ಓದಿದೆ, ಹಾಕಲಿಲ್ಲ. ಮಾಣಿಕನ ಸುದ್ದಿಯನ್ನು ಗಯಾಸುದ್ದೀನ್ ಚಾಚಾನ ಗಾಡಿಯ ಹಿಂದೆ ಬಣ್ಣದಲ್ಲಿ ಬರೆಸುತ್ತೇನೆ ಎಂದಿತ್ತು. ಉಳಿದದ್ದನ್ನು ನಾನು ಬರೆಯಲಾರೆ.

ನೀವು ಹೆದರಬೇಡಿ. ನನ್ನ ಗೆರೆಯ ಸುದ್ದಿ ನಾನು ಮನೆ ಮುಟ್ಟುವುದರೊಳಗೆ ಮಾಣಿಕನಗರದ ಅಂಗಡಿ ಅಂಗಡಿಗೂ ಮುಟ್ಟಿತ್ತು. ಮಾಣಿಕನದು ನಮ್ಮ ಅಂಗಳ ದಾಟುವುದಿಲ್ಲ. ಅಪ್ಪನ ಬಾಯಿ ಕಟ್ಟುವುದು ಕಷ್ಟ, ಆದರೆ ಗುಳಿಗೆ ಹಾಕುವಾಗ ಅವರ ದವಡೆ ನನ್ನ ಕೈಯಲ್ಲಿರುತ್ತದೆ. ಆಗಲೇ ಮಾತು ತೆಗೆದುಕೊಂಡಿದ್ದೇನೆ.

ಅಕ್ಷತೆಯ ಮಾತು ಬೇಡ ಮಾಮಾ. ಲ್ಯಾಬಿನಲ್ಲಿ ಗೆರೆ ಮೂಡಿದಾಗ ಮಾಣಿಕ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಮತ್ತೆ ನನ್ನ ಪಕ್ಕಕ್ಕೆ ಬರಲಿಲ್ಲ. ಈಗ ಅವನ ಮೈಯಲ್ಲಿ ಹುಳ ಇದೆ ಎಂದು ನಾನು ಬೇಡ ಅನ್ನುತ್ತಿಲ್ಲ. ಅದು ಗುಳಿಗೆಗೆ ಹೋಗುತ್ತದೆ. ಅತ್ತೆಗೂ ಹೇಳಿ, ಲೋಟದಿಂದ ಇದು ಬರುವುದಿಲ್ಲ, ಸೊಳ್ಳೆಯಿಂದ ಬರುತ್ತದೆ.

ನಾಳೆಯಿಂದ ಸರಕಾರದವರು ಮತ್ತೆ ಕೋಲು ಹಿಡಿದು ಮನೆಮನೆಗೆ ಬರುತ್ತಾರೆ. ನೀವೂ ಅತ್ತೆಯೂ ಉಂಡು ಕೂತಿರಿ, ಅವರ ಎದುರೇ ನುಂಗಿ. ಮಾಣಿಕನಿಗೆ ಬೇರೆ ಕೊಟ್ಟಿದ್ದಾರಲ್ಲ, ಅದನ್ನು ಅವನ ಕೈಗೆ ಕೊಡಬೇಡಿ. ನೀವು ಟೈರು ಹಿಡಿಯುವ ಮುಂಚೆ ಕುರಿ ಕಾದವರು, ಕೈ ಮರೆತಿರುವುದಿಲ್ಲ. ಎಡಗೈ ದವಡೆಯ ಕೆಳಗೆ ಕೊಡಿ, ತಲೆ ಸ್ವಲ್ಪ ಎತ್ತಿ, ಗಂಟಲನ್ನು ಮೇಲಿನಿಂದ ಕೆಳಕ್ಕೆ ಸವರಿ. ಜ್ವರ ಬಂದರೆ ಒಂದು ದಿನ ಪಕ್ಕದಲ್ಲಿ ಕೂತಿರಿ, ಇಳಿಯುತ್ತದೆ. ಅವನು ಹೆದರಿ ಒದರಾಡಿದರೆ ಬಿಡಬೇಡಿ, ಎದ್ದು ಬಾಗಿಲ ಹತ್ತಿರವೂ ಹೋಗಬೇಡಿ. ಇಳಿದದ್ದು ಕೈಗೆ ತಿಳಿಯುವವರೆಗೆ ಹಿಡಿದುಕೊಂಡೇ ಇರಿ.

ಅವ್ವ ಈ ಲಕೋಟೆಯಲ್ಲಿ ಎರಡು ಬನ್ನಿ ಎಲೆ ಇಟ್ಟಿದ್ದಾಳೆ. ನೀವು ಕಳಿಸಿದವೇ, ಒಣಗಿವೆ.

ನಿಮ್ಮ ಅಕ್ಕನ ಮಗಳು,
ಸೋನಾಲಿ